ಹೇದುವಾ ಕೊಳದೆದುರಿನ ತವರುಮನೆ

ಕಲ್ಕತ್ತೆಗೆ ಹೋದ ಕನ್ನಡಿಗ ಪ್ರವಾಸಿ ಮೊದಲು ಕಾಳೀಘಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡುತ್ತಾನೆ. ಬಳಿಕ ದಕ್ಷಿಣೇಶ್ವರ, ಬೇಲೂರು ಮಠ, ಹೌರಾ ಸೇತುವೆ, ವಿಕ್ಟೋರಿಯಾ ಸ್ಮಾರಕ ಇವುಗಳ ಸರದಿ. ಇನ್ನೂ ಹೊತ್ತು ಮಿಕ್ಕರೆ ಕಾಲೇಜು ಬೀದಿಯ ಪುಸ್ತಕದಂಗಡಿಗಳಲ್ಲಿ ಒಂದು ಸುತ್ತು ಹಾಕಿ ರೈಲು ಹತ್ತುತ್ತಾನೆ. ಅದೇ ಬೀದಿಯನ್ನು ಹಿಡಿದು ಉತ್ತರಕ್ಕೆ ಇನ್ನಷ್ಟು ದೂರ ನಡೆದವರು ಮಾತ್ರ ಹೇದುವಾ ಕೊಳದ ದಡವನ್ನು ಸೇರುತ್ತಾರೆ. ಹಿಂದೆ ಕಾರ್ನ್‌ವಾಲಿಸ್ ಬೀದಿ ಎನಿಸಿದ್ದ ಆ ರಸ್ತೆಗೆ ಈಗ ಡಾಕ್ಟರ್ ಬಿಧಾನಚಂದ್ರ ರಾಯರ ನೆನಪಿನಲ್ಲಿ ಬಿಧಾನ್ ಸರಣಿ ಎಂದು ಹೆಸರು. ಕಾರ್ನ್‌ವಾಲಿಸ್ ಚೌಕವೂ ಆಜಾದ್ ಹಿಂದ್ ಬಾಗ್ ಆಗಿದೆ. ಆದರೆ ನೆರೆಹೊರೆಯವರ ಬಾಯಲ್ಲಿ ಅದು ಇಂದಿಗೂ ಹೇದುವಾ.

ಕೊಳದಲ್ಲಿ ಈಜು ಕಲಿಯುವ ಮಕ್ಕಳ ಗದ್ದಲ. ದಡದ ಬೆಂಚುಗಳ ಮೇಲೆ ವೃತ್ತಪತ್ರಿಕೆ ಹಿಡಿದ ವೃದ್ಧರು. ಒಂದು ಮಗ್ಗುಲಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜು. ಹತ್ತಿರದ ಓಣಿಯೊಂದರಲ್ಲಿ ನಕುಡನ ಸಂದೇಶದ ಅಂಗಡಿ. 1844ರಿಂದ ಅದು ಹಾಲುಗಿಣ್ಣದ ಸಿಹಿಯನ್ನು ಮಾರುತ್ತ ಬಂದಿದೆ. ರಸ್ತೆಯ ಆಚೆ ಬದಿಯಲ್ಲಿ, ಗೋಡೆಯ ಹಿಂದೆ, ಬೆಥೂನ್ ಶಾಲೆ ಮತ್ತು ಬೆಥೂನ್ ಕಾಲೇಜು. ಭಾರತದಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಈ ಬಾಗಿಲನ್ನು ತಟ್ಟದೆ ಮುಂದೆ ಹೋಗಲಾರರು.

ಬೇರೆ ದಿನಗಳಲ್ಲಿ ಅದು ಎಲ್ಲ ಶಾಲೆಗಳಂತೆಯೇ ಒಂದು ಶಾಲೆ. ಹಳೆಯ ವಿದ್ಯಾರ್ಥಿನಿಯರು ಕೂಡುವ ದಿನ ಮಾತ್ರ ಇಂತಹ ಶಾಲೆಯ ಚಹರೆಯೇ ಬೇರೆಯಾಗುತ್ತದೆ.

ಹಳೆಯ ಹೆಸರಿನ ದಿನ

ವಂಗನಾಡಿನಲ್ಲಿ ಹಳೆಯ ವಿದ್ಯಾರ್ಥಿನಿಯರನ್ನು 'ಪ್ರಾಕ್ತನಿ' ಎನ್ನುತ್ತಾರೆ. ಅವರ ಕೂಟಕ್ಕೆ 'ಪುನರ್ಮಿಲನ' ಎಂದು ಹೆಸರು. ಎರಡೂ ಸಂಸ್ಕೃತದ ಮಾತುಗಳೇ ಆದ್ದರಿಂದ ಕನ್ನಡಿಗರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಂದು ಬೆಳಗಿನಿಂದಲೇ ಶಾಲೆಯ ಬಾಗಿಲಲ್ಲಿ ಟ್ಯಾಕ್ಸಿಗಳೂ ರಿಕ್ಷಾಗಳೂ ಬಂದು ನಿಲ್ಲುತ್ತವೆ. ಕೆಂಪಂಚಿನ ಬಿಳಿ ಸೀರೆಯುಟ್ಟ ವೃದ್ಧೆಯರು ಮೊಮ್ಮಗಳ ಭುಜ ಹಿಡಿದು ಇಳಿಯುತ್ತಾರೆ. ಕಛೇರಿಗೆ ಅರ್ಧ ದಿನದ ರಜೆ ಹಾಕಿ ಬಂದ ನಡುವಯಸ್ಸಿನವರು ಗಡಿಯಾರ ನೋಡುತ್ತ ಒಳಗೆ ಬರುತ್ತಾರೆ. ಕಳೆದ ವರ್ಷವಷ್ಟೇ ಶಾಲೆ ಬಿಟ್ಟ ಹುಡುಗಿಯರು, ಈಗ ತಮಗೆ ಸಮವಸ್ತ್ರದ ಕಟ್ಟಿಲ್ಲವೆಂಬ ಸಂಭ್ರಮದಲ್ಲಿ, ತಾವೂ ದೊಡ್ಡವರೆಂಬಂತೆ ನಡೆದಾಡುತ್ತಾರೆ.

ಬಂಗಾಳಿಗಳಲ್ಲಿ ಹಿರಿಯ ಸಹಪಾಠಿಗಳನ್ನು ಹೆಸರಿನ ಮುಂದೆ 'ದಿ' ಸೇರಿಸಿ ಕರೆಯುವ ರೂಢಿ. 'ದೀದಿ' ಎಂಬುದರ ಕಿರಿದು ಅದು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಉಪಾಧ್ಯಾಯಿನಿಯರನ್ನು ಸಹ ಹಾಗೆಯೇ ಕರೆಯುತ್ತಾರೆ. ಒಂದು ತರಗತಿ ಮುಂದಿದ್ದವಳು ಎಂಬತ್ತು ವರ್ಷವಾದರೂ 'ದಿ'ಯೇ. ಹಿಂದಿನ ತರಗತಿಯವಳು ಎಪ್ಪತ್ತೊಂಬತ್ತಾದರೂ ಕಿರಿಯಳೇ. ಹೊರಗಿನ ಲೋಕದಲ್ಲಿ ಡಾಕ್ಟರರೋ ನ್ಯಾಯವಾದಿಯೋ ಆಗಿ ಹತ್ತು ಜನರ ಮೇಲೆ ಅಧಿಕಾರ ನಡೆಸುವ ಹೆಂಗಸು ಇಲ್ಲಿ ತನ್ನ 'ದಿ'ಯ ಕೈಚೀಲವನ್ನು ಹೊತ್ತುಕೊಂಡು, ಆಕೆಗೆ ನೆರಳಿನಲ್ಲಿ ಕುರ್ಚಿ ಹುಡುಕುತ್ತಾಳೆ.

ಇದಕ್ಕಿಂತ ವಿಶೇಷವಾದ ಸಂಗತಿ ಇನ್ನೊಂದಿದೆ. ಅಂದು ಎಲ್ಲರೂ ಹುಟ್ಟುಮನೆಯ ಹೆಸರಿಗೆ ಹಿಂದಿರುಗುತ್ತಾರೆ. ಹಾಜರಿ ಪುಸ್ತಕದಲ್ಲಿ ಸೇನ್ ಆಗಿದ್ದವಳು ಮದುವೆಯಾಗಿ ರಾಯ್ ಆಗಿರುತ್ತಾಳೆ, ಬಸು ಆಗಿದ್ದವಳು ಗಂಗೂಲಿ ಆಗಿರುತ್ತಾಳೆ. ವಿಳಾಸವೂ ಬದಲು, ಹೆಸರೂ ಬದಲು. ಹೀಗಾದ ಮೇಲೆ ಗೆಳತಿಯನ್ನು ಗೆಳತಿ ಹುಡುಕುವುದು ಹೇಗೆ? ಗಂಡುಮಕ್ಕಳ ಶಾಲೆಯ ಸಂಘಕ್ಕೆ ಈ ತೊಡಕಿಲ್ಲ. ಅವರ ಹೆಸರು ಸಾಯುವ ತನಕ ಒಂದೇ. ಅವರಿಗೆ ಕಛೇರಿಯುಂಟು, ಕ್ಲಬ್ಬುಂಟು, ಬೀದಿಯ ಕಟ್ಟೆಯ ಮೇಲಿನ 'ಅಡ್ಡಾ' ಎಂಬ ಹರಟೆಯ ಕೂಟವುಂಟು. ಹೆಣ್ಣುಮಕ್ಕಳ ಸ್ನೇಹಕ್ಕೆ ಬಹುಕಾಲ ಇದ್ದ ಒಂದೇ ನೆಲೆ ಶಾಲೆಯ ಅಂಗಳ. ಹೆಣ್ಣಿಗೆ ತವರು ಎಂದರೆ ಏನೆಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಹಳೆಯ ಹೆಸರಿನಿಂದ ಕರೆಯುವವರು ಇರುವ ಸ್ಥಳವೇ ತವರಾದರೆ, ಈ ಅಂಗಳವೂ ಒಂದು ತವರು.

ಇಪ್ಪತ್ತೊಂದು ಹುಡುಗಿಯರು

ಈ ತವರು ಸುಲಭವಾಗಿ ಕಟ್ಟಿದ್ದಲ್ಲ. ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ ಎಂಬ ಆಂಗ್ಲ ಗೃಹಸ್ಥನು 1848ರಲ್ಲಿ ಗವರ್ನರ್ ಜನರಲ್ಲರ ಮಂತ್ರಾಲೋಚನ ಸಭೆಯ ನ್ಯಾಯಸದಸ್ಯನಾಗಿ ಕಲ್ಕತ್ತೆಗೆ ಬಂದನು. ಮರುವರ್ಷ, 1849ರ ಮೇ 7ರಂದು, ರಾಮಗೋಪಾಲ ಘೋಷ್, ದಕ್ಷಿಣಾರಂಜನ ಮುಖರ್ಜಿ, ಪಂಡಿತ ಮದನಮೋಹನ ತರ್ಕಾಲಂಕಾರ ಮೊದಲಾದವರ ನೆರವಿನಿಂದ ಹೆಣ್ಣುಮಕ್ಕಳ ಶಾಲೆಯನ್ನು ತೆರೆದನು. ಸೇರಿದವರು 21 ಹುಡುಗಿಯರು. ಪಾಠ ಬಂಗಾಳಿಯಲ್ಲಿ, ಶುಲ್ಕವಿಲ್ಲ, ಮತಬೋಧೆ ಇಲ್ಲ. ದಕ್ಷಿಣಾರಂಜನರು ತಮ್ಮ ಮನೆಯನ್ನೇ ಶಾಲೆಗೆ ಬಿಟ್ಟುಕೊಟ್ಟರು. ಕಟ್ಟಡಕ್ಕಾಗಿ ನೆಲವನ್ನೂ ದಾನ ಮಾಡಿದರು.

ಆ ಕಾಲದಲ್ಲಿ ಓದು ಕಲಿತ ಹೆಣ್ಣು ವಿಧವೆಯಾಗುತ್ತಾಳೆಂಬ ನಂಬಿಕೆ ವಂಗದ ಮನೆಮನೆಯಲ್ಲಿ ಬೇರೂರಿತ್ತು. ರಾಸಸುಂದರೀ ದೇವಿ ಎಂಬ ಗೃಹಿಣಿ ಅಡಿಗೆಮನೆಯಲ್ಲಿ ಯಾರಿಗೂ ಕಾಣದಂತೆ ಅಕ್ಷರ ಕಲಿತು, ಮುಂದೆ ಆ ಕಥೆಯನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಳು. ಮನೆಯೊಳಗೆ ಕಲಿತರೇ ಇಷ್ಟು ಭಯವೆಂದ ಮೇಲೆ ಹಾಡಹಗಲು ಬೀದಿಯಲ್ಲಿ ಗಾಡಿಯೇರಿ ಶಾಲೆಗೆ ಹೋಗುವ ಹುಡುಗಿಯರನ್ನು ಊರು ಹೇಗೆ ಸಹಿಸೀತು? ಶಾಲೆಯವರು ಕಳುಹಿಸುತ್ತಿದ್ದ ಕುದುರೆಗಾಡಿಯ ಮೇಲೆ, ಮಗಳನ್ನೂ ಯತ್ನಪೂರ್ವಕವಾಗಿ ಸಾಕಿ ವಿದ್ಯೆ ಕಲಿಸಬೇಕೆಂಬ ಅರ್ಥದ ಸಂಸ್ಕೃತ ವಾಕ್ಯವನ್ನು ಬರೆಸಿದ್ದರು. ಶಾಸ್ತ್ರದ ಹೆಸರು ಹೇಳಿ ಅಡ್ಡ ಬರುವವರಿಗೆ ಶಾಸ್ತ್ರದಿಂದಲೇ ಉತ್ತರ. ಆದರೂ ಹಾಸ್ಯ ತಪ್ಪಲಿಲ್ಲ, ನಿಂದೆ ತಪ್ಪಲಿಲ್ಲ. ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಮೊದಲ ದಿನವೇ ಕಳುಹಿಸಿದ ತರ್ಕಾಲಂಕಾರರಿಗೆ ಬಂಧುಬಳಗದವರಿಂದ ಬಹಿಷ್ಕಾರದ ನೋವು ಕಾದಿತ್ತು. ಅವರು ಅದನ್ನು ನುಂಗಿಕೊಂಡು ಮಕ್ಕಳಿಗಾಗಿ 'ಶಿಶುಶಿಕ್ಷಾ' ಎಂಬ ಬಾಲಪಾಠದ ಪುಸ್ತಕಗಳನ್ನು ಬರೆದುಕೊಟ್ಟರು.

ಬೆಥೂನನು ತನ್ನ ಶಾಲೆಗೆ ಹೊಸ ಕಟ್ಟಡವಾಗುವುದನ್ನು ಕಾಣಲು ಉಳಿಯಲಿಲ್ಲ. 1851ರ ಆಗಸ್ಟ್ 12ರಂದು ತೀರಿಕೊಂಡನು. ಕಲ್ಕತ್ತೆಯಲ್ಲಿದ್ದ ತನ್ನ ಸ್ವತ್ತನ್ನು ಶಾಲೆಗೇ ಬರೆದಿಟ್ಟಿದ್ದನು. ಅವನ ಕಾಲದಲ್ಲಿಯೇ ಕಾರ್ಯದರ್ಶಿಯಾಗಿ ಬಂದಿದ್ದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು ಮುಂದೆ ಹಲವು ವರ್ಷ ಆ ಶಾಲೆಯ ಭಾರವನ್ನು ಹೊತ್ತರು.

ಆ ಮೊದಲ ಇಪ್ಪತ್ತೊಂದು ಮಂದಿ ಎಂದಾದರೂ ದೊಡ್ಡವರಾದ ಮೇಲೆ ಒಂದೆಡೆ ಕೂಡಿ, ಅಂದಿನ ಗಾಡಿಯ ಸದ್ದನ್ನು ನೆನೆದು ನಕ್ಕರೇ? ಅದಕ್ಕೆ ಅವಕಾಶವೇ ಇರಲಿಲ್ಲ. ಹತ್ತು ಹನ್ನೊಂದು ವರ್ಷಕ್ಕೆ ಮದುವೆಯಾಗುತ್ತಿತ್ತು. ಮದುವೆಯೊಡನೆ ಓದು ಮುಗಿಯುತ್ತಿತ್ತು. ಅಂತಃಪುರದ ಬಾಗಿಲು ಮುಚ್ಚುತ್ತಿತ್ತು. ಒಬ್ಬಳ ಅತ್ತೆಮನೆಯಿಂದ ಇನ್ನೊಬ್ಬಳ ಅತ್ತೆಮನೆಗೆ ಓಲೆ ಬರೆಯುವ ಸ್ವಾತಂತ್ರ್ಯವಿದ್ದವರು ಎಷ್ಟು ಮಂದಿ? ಪುನರ್ಮಿಲನವೆಂಬ ಮಾತು ಹುಟ್ಟಬೇಕಾದರೆ ಮೊದಲು ಹುಡುಗಿಯರು ಶಾಲೆಯಲ್ಲಿ ಬೆಳೆದು ದೊಡ್ಡವರಾಗುವಷ್ಟು ಕಾಲ ಉಳಿಯಬೇಕಾಗಿತ್ತು.

ಒಬ್ಬಳೇ ವಿದ್ಯಾರ್ಥಿನಿಯ ಕಾಲೇಜು

ಆ ಕಾಲ ಬರಲು ಮೂವತ್ತು ವರ್ಷ ಹಿಡಿಯಿತು. 1878ರಲ್ಲಿ ಬಂಗ ಮಹಿಳಾ ವಿದ್ಯಾಲಯವು ಬೆಥೂನ್ ಶಾಲೆಯೊಡನೆ ಕೂಡಿಕೊಂಡಿತು. ಅಲ್ಲಿಂದ ಬಂದ ಕಾದಂಬಿನೀ ಬಸು ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಒಂದೇ ಒಂದು ಅಂಕದಿಂದ ಮೊದಲ ದರ್ಜೆ ತಪ್ಪಿತು. ಈ ಹುಡುಗಿ ಮುಂದೆ ಎಲ್ಲಿ ಓದಬೇಕು? ಅವಳೊಬ್ಬಳಿಗಾಗಿ 1879ರಲ್ಲಿ ಕಾಲೇಜು ತರಗತಿಯನ್ನೇ ತೆರೆದರು. ಒಬ್ಬಳೇ ವಿದ್ಯಾರ್ಥಿನಿಯಿಂದ ಮೊದಲಾದದ್ದು ಬೆಥೂನ್ ಕಾಲೇಜು.

ಡೆಹರಾಡೂನಿನ ಕಡೆಯಿಂದ ಬಂದ ಚಂದ್ರಮುಖೀ ಬಸು ಕ್ರೈಸ್ತ ಮನೆತನದವಳು. ಹಿಂದೂ ಬಾಲಿಕೆಯರಿಗೆಂದೇ ಇದ್ದ ಈ ಶಾಲೆಯಲ್ಲಿ ಅವಳಿಗೆ ಮೊದಲು ಸ್ಥಳ ದೊರೆಯಲಿಲ್ಲ. ಬೇರೆ ಕಡೆ ಓದಿ, ಬಿ.ಎ. ತರಗತಿಗೆ ಇಲ್ಲಿಗೆ ಬಂದಳು. 1883ರಲ್ಲಿ ಕಾದಂಬಿನಿಯೂ ಚಂದ್ರಮುಖಿಯೂ ಜೊತೆಯಾಗಿ ಪದವೀಧರೆಯರಾದರು. ಮರುವರ್ಷ ಚಂದ್ರಮುಖಿ ಎಂ.ಎ. ಮುಗಿಸಿದಳು. ತನಗೆ ಒಮ್ಮೆ ಬಾಗಿಲು ತೆರೆಯದಿದ್ದ ಸಂಸ್ಥೆಯಲ್ಲಿಯೇ ಉಪಾಧ್ಯಾಯಿನಿಯಾಗಿ ಸೇರಿ, 1888ರಲ್ಲಿ ಅದರ ಕಾಲೇಜಿಗೆ ಪ್ರಿನ್ಸಿಪಾಲಳಾದಳು.

ಕಾದಂಬಿನಿ ದ್ವಾರಕಾನಾಥ ಗಂಗೂಲಿಯವರನ್ನು ವರಿಸಿ ವೈದ್ಯವಿದ್ಯೆಯತ್ತ ತಿರುಗಿದಳು. 1886ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಿಂದ ಹೊರಬಿದ್ದು, 1893ರಲ್ಲಿ ಬ್ರಿಟನ್ನಿಗೆ ತೆರಳಿ ಅಲ್ಲಿಯೂ ಅರ್ಹತಾಪತ್ರಗಳನ್ನು ಪಡೆದು ಬಂದಳು. ಅವರ ಮನೆ ಇದೇ ಕಾರ್ನ್‌ವಾಲಿಸ್ ಬೀದಿಯ 13ನೆಯ ಸಂಖ್ಯೆಯದು. ಎದುರಿಗೇ ಸಾಧಾರಣ ಬ್ರಾಹ್ಮ ಸಮಾಜದ ಮಂದಿರ. ಶಾಲೆ, ಮನೆ, ಪ್ರಾರ್ಥನಾಮಂದಿರ ಎಲ್ಲವೂ ಒಂದೇ ರಸ್ತೆಯಲ್ಲಿ. ಆ ಕಾಲದ ಹೊಸ ಹೆಣ್ಣಿನ ಲೋಕ ಅರ್ಧ ಗಂಟೆಯ ನಡಿಗೆಯೊಳಗೆ ಮುಗಿಯುವಷ್ಟು ಚಿಕ್ಕದಾಗಿತ್ತು. ಚಿಕ್ಕದಾಗಿದ್ದುದರಿಂದಲೇ ಒಬ್ಬರ ಕೈ ಇನ್ನೊಬ್ಬರಿಗೆ ಎಟುಕುತ್ತಿತ್ತು.

ಗೆಳೆತನದ ಫಲ

1883ರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರಿಗೆ ಸೆರೆಮನೆಯಾದಾಗ ಬೆಥೂನಿನ ಹುಡುಗಿಯರು ಸಭೆ ಸೇರಿ, ತೋಳಿಗೆ ಪಟ್ಟಿ ಕಟ್ಟಿಕೊಂಡು ತಮ್ಮ ಅಸಮಾಧಾನವನ್ನು ತೋರಿಸಿದರು. ಅವರಿಗೆ ಮುಂದಾಳುಗಳಾಗಿದ್ದವರಲ್ಲಿ ಅಬಲಾ ದಾಸ್ ಮತ್ತು ಕಾಮಿನೀ ಸೇನ್ ಸೇರಿದ್ದರು. ಅಬಲಾ ಮುಂದೆ ವಿಜ್ಞಾನಿ ಜಗದೀಶಚಂದ್ರ ಬೋಸರ ಧರ್ಮಪತ್ನಿಯಾದಳು; 1919ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಸ್ಥಾಪಿಸಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಸಿದಳು. ಕಾಮಿನಿ 1886ರಲ್ಲಿ ಸಂಸ್ಕೃತದಲ್ಲಿ ಆನರ್ಸ್ ಪದವಿ ಪಡೆದು ಬೆಥೂನಿನಲ್ಲಿಯೇ ಪಾಠ ಹೇಳಿದಳು. ಕಾಮಿನೀ ರಾಯ್ ಎಂಬ ಹೆಸರಿನಿಂದ ವಂಗ ಸಾಹಿತ್ಯದಲ್ಲಿ ನಿಂತ ಕವಯಿತ್ರಿ ಆಕೆಯೇ. ಸ್ತ್ರೀಯರ ಹಕ್ಕಿನ ವಿಚಾರಕ್ಕೆ ತನ್ನನ್ನು ತಿರುಗಿಸಿದವಳು ಶಾಲೆಯ ಗೆಳತಿ ಅಬಲಾ ಎಂಬುದನ್ನು ಆಕೆ ಮರೆಯಲಿಲ್ಲ.

1921ರಲ್ಲಿ ಬಂಗೀಯ ನಾರೀ ಸಮಾಜ ಹುಟ್ಟಿದಾಗ ಮುಂದೆ ನಿಂತವರಲ್ಲಿ ಕಾಮಿನೀ ರಾಯ್ ಒಬ್ಬಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬುದು ಅವರ ಬೇಡಿಕೆ. ವಂಗದ ಶಾಸನಸಭೆ ಅದೇ ವರ್ಷ ಅದನ್ನು ತಳ್ಳಿಹಾಕಿತು. ಇವರು ಬಿಡಲಿಲ್ಲ. 1925ರಲ್ಲಿ ಸಭೆ ಒಪ್ಪಿತು. 1926ರ ಚುನಾವಣೆಯಲ್ಲಿ ಅರ್ಹತೆಯುಳ್ಳ ಹೆಂಗಸರು ಮೊದಲ ಬಾರಿ ಮತ ಕೊಟ್ಟರು. ತರಗತಿಯ ಬೆಂಚಿನ ಮೇಲೆ ಮೊದಲಾದ ಮಾತುಕತೆ ನಾಲ್ಕು ದಶಕಗಳಾದ ಮೇಲೆ ಮತಪೆಟ್ಟಿಗೆಯನ್ನು ಮುಟ್ಟಿತ್ತು.

ಮೈಸೂರಿಗೆ ಬಂದ ದಾರಿ

ಈ ಬಳ್ಳಿಯ ಒಂದು ಕುಡಿ ಕನ್ನಡನಾಡಿಗೂ ಚಾಚಿತು. ರವೀಂದ್ರನಾಥ ಠಾಕೂರರ ಅಕ್ಕ ಸ್ವರ್ಣಕುಮಾರೀ ದೇವಿಯವರ ಮಗಳು ಸರಳಾ ಘೋಷಾಲ್ ಬೆಥೂನಿನಲ್ಲಿ ಓದಿ 1890ರಲ್ಲಿ ಬಿ.ಎ. ಮುಗಿಸಿದಳು. ಮನೆಯಲ್ಲಿ ಸಿರಿಯಿತ್ತು, ದುಡಿಯಬೇಕಾದ ಅಗತ್ಯವಿರಲಿಲ್ಲ. ಆದರೂ ಸ್ವತಂತ್ರವಾಗಿ ಸಂಪಾದಿಸಿ ಬದುಕಬೇಕೆಂಬ ಹಟ ತೊಟ್ಟು, 1895ರ ಸುಮಾರಿಗೆ, ಅಷ್ಟು ದೂರದ ಮೈಸೂರಿಗೆ ಬಂದು ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಉದ್ಯಮದಿಂದ ಹುಟ್ಟಿ, ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬೆಳೆದ ಶಾಲೆ ಅದು.

ಸರಳಾದೇವಿ ಮೈಸೂರಿನಲ್ಲಿ ಬಹುಕಾಲ ನಿಲ್ಲಲಿಲ್ಲ. ಆದರೆ ಬರಿಗೈಯಲ್ಲಿ ಹಿಂದಿರುಗಲೂ ಇಲ್ಲ. ಸಂಗೀತ ಬಲ್ಲ ಆ ತರುಣಿ ಇಲ್ಲಿ ಕೇಳಿದ ಹಾಡುಗಳ ಮಟ್ಟುಗಳನ್ನು ಕಲಿತುಕೊಂಡು ಹೋಗಿ ತನ್ನ ಸೋದರಮಾವನ ಮುಂದಿಟ್ಟಳು. ಅವುಗಳಲ್ಲಿ ಕೆಲವಕ್ಕೆ ರವೀಂದ್ರರು ಬಂಗಾಳಿಯ ಮಾತುಗಳನ್ನು ಕೂಡಿಸಿದರು. ಇಂದು ಕಲ್ಕತ್ತೆಯ ಸಭೆಯೊಂದರಲ್ಲಿ ರವೀಂದ್ರಸಂಗೀತವನ್ನು ಆಲಿಸುವ ಕನ್ನಡಿಗನಿಗೆ, ಇದನ್ನು ಎಲ್ಲಿಯೋ ಕೇಳಿದ್ದೆನಲ್ಲ ಎಂದು ತೋರಿದರೆ, ಅದರ ಹಿಂದೆ ಬೆಥೂನಿನಿಂದ ಮಹಾರಾಣಿ ಶಾಲೆಗೆ ಬಂದ ಒಬ್ಬ ಉಪಾಧ್ಯಾಯಿನಿಯ ಪಯಣ ಇರಬಹುದು. 1910ರಲ್ಲಿ ಅಲಹಾಬಾದಿನಲ್ಲಿ ಭಾರತ ಸ್ತ್ರೀ ಮಹಾಮಂಡಲವನ್ನು ಸ್ಥಾಪಿಸಿ, ಊರೂರಿನ ಹೆಂಗಸರನ್ನು ಒಂದು ಸೂತ್ರದಲ್ಲಿ ಪೋಣಿಸಲು ಹೊರಟವಳೂ ಈಕೆಯೇ.

ಬಾರದೆ ಉಳಿದವರು

ಪ್ರತಿಯೊಂದು ಪುನರ್ಮಿಲನದಲ್ಲಿಯೂ ಬಾರದವರ ಪ್ರಸ್ತಾಪ ಬರುತ್ತದೆ. ಈ ಶಾಲೆಯ ಬಾರದವರ ಪಟ್ಟಿ ಗಂಭೀರವಾದುದು. 1928ರಲ್ಲಿ ಕಲ್ಕತ್ತೆಯ ವಿದ್ಯಾರ್ಥಿನಿಯರು 'ಛಾತ್ರೀ ಸಂಘ' ಎಂಬ ಕೂಟವನ್ನು ಕಟ್ಟಿದರು. ಹೊರನೋಟಕ್ಕೆ ಅದು ಓದು, ಈಜು, ಸೈಕಲ್ ಸವಾರಿ, ಲಾಠಿ ವರಸೆ ಕಲಿಯುವ ಹುಡುಗಿಯರ ಸಂಘ. ಆದರೆ ಅದರಲ್ಲಿ ಬೆಳೆದ ಪರಿಚಯಗಳು ಸ್ವಾತಂತ್ರ್ಯ ಹೋರಾಟದ ಅಪಾಯಕರ ದಾರಿಗೂ ಕೊಂಡೊಯ್ದವು. ಬೆಥೂನಿನಲ್ಲಿ ಓದಿ ಬಳಿಕ ಬೇರೆ ಕಾಲೇಜಿಗೆ ಹೋದ ಬೀಣಾ ದಾಸ್ 1932ರ ಫೆಬ್ರವರಿ 6ರಂದು ಘಟಿಕೋತ್ಸವ ಮಂಟಪದಲ್ಲಿಯೇ ಗವರ್ನರ್ ಸ್ಟ್ಯಾನ್ಲಿ ಜ್ಯಾಕ್ಸನ್ನನ ಮೇಲೆ ಗುಂಡು ಹಾರಿಸಿದಳು, ಗುರಿ ತಪ್ಪಿತು, ಒಂಬತ್ತು ವರ್ಷಗಳ ಶಿಕ್ಷೆಯಾಯಿತು. ಆಕೆಗೆ ಪಿಸ್ತೂಲನ್ನು ಒದಗಿಸಿದ ಕಮಲಾ ದಾಸಗುಪ್ತಾ ಸಹ ಬೆಥೂನಿನಲ್ಲಿ ಓದಿದವಳು.

ಚಿತ್ತಗಾಂಗಿನ ಪ್ರೀತಿಲತಾ ವದ್ದೇದಾರ್ ಬೆಥೂನಿನಲ್ಲಿ ತತ್ತ್ವಶಾಸ್ತ್ರವನ್ನು ಓದಿದವಳು. 1932ರ ಸೆಪ್ಟೆಂಬರ್ 24ರ ರಾತ್ರಿ ಪಹಾಡತಲಿಯ ಐರೋಪ್ಯ ಕ್ಲಬ್ಬಿನ ಮೇಲೆ ನಡೆದ ದಾಳಿಗೆ ಆಕೆ ನಾಯಕಿ. ಸೆರೆಸಿಕ್ಕುವುದಕ್ಕಿಂತ ಸಾವೇ ಲೇಸೆಂದು ವಿಷ ನುಂಗಿದಳು. ಆಗ ಆಕೆಗೆ ಇಪ್ಪತ್ತೊಂದು ವರ್ಷ. ಸರಕಾರವು ಆಕೆಯ ಪದವಿಯನ್ನೂ ಬೀಣಾಳ ಪದವಿಯನ್ನೂ ತಡೆಹಿಡಿದಿತ್ತು. ಕಲ್ಕತ್ತಾ ವಿಶ್ವವಿದ್ಯಾನಿಲಯವು ಅವರಿಬ್ಬರ ಪದವಿಪತ್ರಗಳನ್ನು ಕೊಟ್ಟದ್ದು 2012ರಲ್ಲಿ, ಎಂಬತ್ತು ವರ್ಷ ತಡವಾಗಿ. ಪಡೆದುಕೊಳ್ಳಲು ಇಬ್ಬರೂ ಇರಲಿಲ್ಲ. ಸರಿಯೋ ತಪ್ಪೋ ಎಂಬ ವಾದ ಚರಿತ್ರಕಾರರದು. ಓದಿದ ಶಾಲೆಗೆ ಮಾತ್ರ ಅವರು ಮನೆಯ ಮಕ್ಕಳು.

ಎಲಚಿ ಹಣ್ಣು ಮತ್ತು ಖಿಚುಡಿ

ಪುನರ್ಮಿಲನಕ್ಕೆ ಓಲೆ ಕಳುಹಿಸಬೇಕು. ಓಲೆಯಿಲ್ಲದೆಯೂ ಕಲ್ಕತ್ತೆಯ ಹೆಣ್ಣುಮಕ್ಕಳು ತಮ್ಮ ಹಳೆಯ ಶಾಲೆಗಳಿಗೆ ಹಿಂದಿರುಗುವ ಇನ್ನೊಂದು ದಿನ ಮಾಘ ಶುದ್ಧ ಪಂಚಮಿ. ಕನ್ನಡನಾಡಿನಲ್ಲಿ ಸರಸ್ವತೀ ಪೂಜೆ ನವರಾತ್ರಿಯಲ್ಲಿ; ವಂಗದಲ್ಲಿ ಅದು ವಸಂತದ ಹೊಸ್ತಿಲಲ್ಲಿ. ಅಂದು ಚಿಕ್ಕವರಿಂದ ದೊಡ್ಡವರ ತನಕ ಎಲ್ಲರಿಗೂ ಹಳದಿ ಸೀರೆ. ದೇವಿಗೆ ನೈವೇದ್ಯವಾಗುವ ಮೊದಲು ಎಲಚಿ ಹಣ್ಣನ್ನು ತಿಂದರೆ ಪರೀಕ್ಷೆಯಲ್ಲಿ ನಪಾಸಾಗುವ ಭಯವುಂಟು. ಪೂಜೆ ಮುಗಿದ ಮೇಲೆ ಸಾಲಾಗಿ ಕುಳಿತು ಖಿಚುಡಿ, ಹಲವು ತರಕಾರಿಗಳ ಪಲ್ಯ, ಎಲಚಿ ಹಣ್ಣಿನ ಸಿಹಿ ಚಟ್ನಿ ಇವುಗಳ ಊಟ. ಹಳೆಯ ವಿದ್ಯಾರ್ಥಿನಿಯರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಲ್ಲುತ್ತಾರೆ.

ಇಂತಹ ಕೂಟಗಳಲ್ಲಿ ನಡೆಯುವ ವ್ಯವಹಾರ ಯಾವ ಕಛೇರಿಯ ಕಡತದಲ್ಲಿಯೂ ಸೇರುವುದಿಲ್ಲ. ಒಬ್ಬಳ ಮಗಳಿಗೆ ಹೊರಊರಿನಲ್ಲಿ ವಸತಿಗೃಹ ಬೇಕು. ಇನ್ನೊಬ್ಬಳ ನಾದಿನಿ ಅಲ್ಲಿಯೇ ಇದ್ದಾಳೆ. ಒಬ್ಬಳ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಬೇಕು. ಎರಡು ತರಗತಿ ಹಿಂದಿದ್ದವಳು ನೇತ್ರವೈದ್ಯೆ. ಗಂಡನನ್ನು ಕಳೆದುಕೊಂಡು ನಲವತ್ತನೆಯ ವಯಸ್ಸಿನಲ್ಲಿ ಕೆಲಸ ಹುಡುಕುವವಳು ಬಾಯಿಬಿಟ್ಟು ಕೇಳಲಾರಳು. ಪಕ್ಕದ ಬೆಂಚಿನವಳು ಅದನ್ನು ಅರಿತು ತನಗೆ ತಿಳಿದ ಒಂದು ಸ್ಥಳದ ಸುದ್ದಿಯನ್ನು ಬೇರೆ ಮಾತಿನ ನಡುವೆ ಸೇರಿಸಿ ಹೇಳುತ್ತಾಳೆ. ಬಡ ಹುಡುಗಿಯೊಬ್ಬಳ ಪುಸ್ತಕಗಳಿಗೆಂದು ಒಂದು ಲಕ್ಕೋಟೆ ಕೈಯಿಂದ ಕೈಗೆ ಹೋಗಿ ಭಾರವಾಗಿ ಹಿಂದಿರುಗುತ್ತದೆ. ಈಗ ಮೊಬೈಲ್ ದೂರವಾಣಿ ಬಂದು ಕೆಲಸ ಹಗುರವಾಗಿದೆ. ಲಂಡನ್ನಿನಲ್ಲಿರುವವಳೂ ಕ್ಷಣದಲ್ಲಿ ಮಾತಿಗೆ ಸಿಕ್ಕುತ್ತಾಳೆ. ಆದರೆ ಎದುರು ಕುಳಿತವಳ ಮುಖ ಬಾಡಿದ್ದನ್ನು ಕಂಡು ಕೇಳದೆಯೇ ತಿಳಿಯುವ ಕೆಲಸಕ್ಕೆ ಇಂದಿಗೂ ಬೆಂಚೇ ಬೇಕು.

ಹರಟೆ ಬಹಳ ಹೊತ್ತು ನಗುವಿನಲ್ಲಿಯೇ ಸಾಗುತ್ತದೆ. ನಡುವೆ ಯಾರಾದರೂ ಒಬ್ಬರು ಆ ಒಂದು ಪ್ರಶ್ನೆಯನ್ನು ಎತ್ತುತ್ತಾರೆ. 'ನಿನ್ನ ಮಗಳನ್ನು ಎಲ್ಲಿ ಸೇರಿಸಿದೆ?' ಉತ್ತರ ಬಹುಮಟ್ಟಿಗೆ ಒಂದೇ: ಇಂಗ್ಲಿಷ್ ಶಾಲೆ. ಕಲ್ಕತ್ತೆಯ ಹಳೆಯ ಬಂಗಾಳಿ ಮಾಧ್ಯಮದ ಶಾಲೆಗಳಲ್ಲಿ ಅನೇಕ ಕಡೆ ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದಿದೆ. ಶಾಲೆಯ ಹೆಸರು ಕೇಳಿದರೆ ಕಣ್ಣೊದ್ದೆ ಮಾಡಿಕೊಳ್ಳುವ ಪ್ರಾಕ್ತನಿಯರೇ ತಮ್ಮ ಮಕ್ಕಳನ್ನು ಬೇರೆ ಬಾಗಿಲಿಗೆ ಕಳುಹಿಸಿದ್ದಾರೆ. ಅದು ಅವರಿಗೂ ಗೊತ್ತು, ಕಾರಣಗಳನ್ನೂ ಬಲ್ಲರು, ಕಾರಣಗಳು ಸುಳ್ಳೂ ಅಲ್ಲ. ಆದರೆ ಪ್ರಶ್ನೆ ಬಂದಾಗ ಬೆಂಚಿನಲ್ಲಿ ಕ್ಷಣಕಾಲ ಮೌನ. 1849ರಲ್ಲಿ ತರ್ಕಾಲಂಕಾರರು ಜನರ ಮಾತಿಗೆ ಅಂಜದೆ ತಮ್ಮ ಸ್ವಂತ ಮಕ್ಕಳನ್ನು ಕಳುಹಿಸಿದ್ದರಿಂದ ಶಾಲೆ ಶಾಲೆಯಾಯಿತು. ಅಭಿಮಾನ ಎಷ್ಟಿದ್ದರೇನು, ಮಕ್ಕಳು ಬಾರದೆ ಶಾಲೆ ನಿಲ್ಲುವುದೇ? ಕನ್ನಡ ಶಾಲೆಗಳಲ್ಲಿ ಕಲಿತು ಬೆಳೆದ ಓದುಗರಿಗೆ ಈ ಮೌನ ಅಪರಿಚಿತವಾಗಿರಲಾರದು.

ಸಂಜೆಯಾಗುತ್ತಿದ್ದಂತೆ ಕೂಟ ಕರಗುತ್ತದೆ. ಹೇದುವಾ ಕೊಳದ ನೀರಿನ ಮೇಲೆ ಬೀದಿದೀಪಗಳ ಬೆಳಕು ಬೀಳುತ್ತದೆ. ಕೆಲವರು ಓಣಿಗೆ ಹೋಗಿ ಮನೆಯ ಮಕ್ಕಳಿಗೆಂದು ಸಂದೇಶ ಕಟ್ಟಿಸಿಕೊಳ್ಳುತ್ತಾರೆ. ತವರಿಗೆ ಹೋದವಳು ಬರಿಗೈಯಲ್ಲಿ ಹಿಂದಿರುಗಬಾರದಲ್ಲ! ಬಾಗಿಲಲ್ಲಿ ವಿದಾಯ ಹೇಳುವಾಗ ಬಂಗಾಳಿಗಳು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಕನ್ನಡ ಮನೆಗಳಲ್ಲಿಯೂ ಅದೇ ಮಾತು. ಟ್ಯಾಕ್ಸಿಯ ಬಾಗಿಲು ಮುಚ್ಚಿದೊಡನೆ ಸೇನ್ ಮತ್ತೆ ರಾಯ್ ಆಗುತ್ತಾಳೆ, ಬಸು ಮತ್ತೆ ಗಂಗೂಲಿ ಆಗುತ್ತಾಳೆ. ಕೈಯಲ್ಲಿ ಸಿಹಿಯ ಪೊಟ್ಟಣ, ಚೀಲದಲ್ಲಿ ನಾಲ್ಕೈದು ಹೊಸ ವಿಳಾಸಗಳು. ಮುಂದಿನ ಮಾಘದ ತನಕ ಅಷ್ಟು ಸಾಕು.